ಬಣ್ಣ ಬೇಡವಾಗಿದ್ದ ಗೋಡೆ

ಜಯನಗರದ ಹಾಲಿನ ಬೂತಿನ ಮುಂದೆ ಇನ್ನೂ ಯಾರೂ ಸಾಲು ನಿಂತಿಲ್ಲ. ಅಂಧ ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದಿನ ಪಡಸಾಲೆಯಲ್ಲಿ ಕತ್ತಲೆ. ಆ ಕತ್ತಲೆಯೊಳಗಿಂದ ಬಾಂಡ್ಲಿಯಲ್ಲಿ ಗಾರೆ ಕಲಸುವ ಸದ್ದು ಬರುತ್ತಿದೆ. ಹತ್ತಿರ ಹೋದರೆ ಹಸಿ ಸುಣ್ಣದ ವಾಸನೆ, ಅದರ ಹಿಂದೆಯೇ ಗಾರೆ ಗಟ್ಟಿಯಾಗಲೆಂದು ಬೆರೆಸಿದ ಬೆಲ್ಲದ ನೀರಿನ ವಾಸನೆ. ಸೆರಗನ್ನು ಸೊಂಟಕ್ಕೆ ಬಿಗಿದು ಕುಕ್ಕರಗಾಲಲ್ಲಿ ಕುಳಿತ ಹೆಂಗಸೊಬ್ಬರು ಒಂದು ಹಿಡಿ ಗಾರೆಯನ್ನು ಗೋಡೆಗೆ ಒತ್ತುತ್ತಾರೆ, ಹೆಬ್ಬೆರಳಿನಿಂದ ತೀಡುತ್ತಾರೆ, ಅಂಗೈಯಿಟ್ಟು ಸವರುತ್ತಾರೆ, ತಲೆ ಅಲ್ಲಾಡಿಸಿ ಕೆರೆದು ತೆಗೆಯುತ್ತಾರೆ. ಇವತ್ತು ಮಾಡುತ್ತಿರುವುದು ಕಾಗೆ. ಬೆಳಗಾದರೆ ಈ ಹಾಸ್ಟೆಲಿನ ಮಕ್ಕಳು ಕೇಳುವ ಮೊದಲ ದನಿ ಕಾಗೆಯದು. ಅದರ ಮೈ ಹೇಗಿದೆಯೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಕಾವಲುಗಾರ ಬೋರಯ್ಯ ಆಕಳಿಸುತ್ತ ಬಂದು ಸ್ವಿಚ್ ಹಾಕುತ್ತಾನೆ. ಪಡಸಾಲೆ ಬೆಳಗುತ್ತದೆ.

"ಲೈಟ್ ಆರ್ಸು ಬೋರಯ್ಯ."

"ಯಾಕೆ, ಕರೆಂಟ್ ಬಿಲ್ಲು ನಿನ್ನ ಸಂಬಳದಲ್ಲಿ ಹಿಡ್ಕೋತಾರಾ?"

"ಆರ್ಸಪ್ಪ ಅಂದ್ರೆ. ಕಣ್ಣಿಗೆ ಕಂಡ್ರೆ ಕೈ ಸೋಮಾರಿ ಆಗ್ಬಿಡುತ್ತೆ."

"ಕಣ್ಣಿರೋಳು ಬೇಕೂಂತ ಕತ್ತಲಲ್ಲಿ ಕೆಲಸ ಮಾಡೋದು ನಾನೆಲ್ಲೂ ನೋಡಿಲ್ಲ ಬಿಡು."

"ಈಗ ನೋಡಿದ್ಯಲ್ಲ, ಹೋಗು. ಹೋಗಿ ಒಲೆಗೆ ಸೌದೆ ಹಾಕು."

ದೀಪ ಆರುತ್ತದೆ. ಯಲ್ಲಮ್ಮ ಮತ್ತೆ ಕಾಗೆಯ ರೆಕ್ಕೆಗೆ ಕೈ ಹಾಕುತ್ತಾರೆ.

ಯಲ್ಲಮ್ಮನವರಿಗೆ ಈಗ, 1992ರಲ್ಲಿ, ಐವತ್ತೈದು ದಾಟಿರಬೇಕು. ಹುಟ್ಟಿದ ತಾರೀಖು ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ. ಹಾಸ್ಟೆಲಿನಲ್ಲಿ ಅವರ ಕೆಲಸ ಆಯಾ. ಬೆಳಕು ಹರಿದ ಮೇಲೆ ಐವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ನೀರು ಕಾಯಿಸಬೇಕು, ಚಿಕ್ಕವರಿಗೆ ಜಡೆ ಹಾಕಬೇಕು, ಹಾಸಿಗೆ ಕೊಡವಬೇಕು, ಊಟದ ಮನೆ ಗುಡಿಸಿ ಒರೆಸಬೇಕು. ಸಂಜೆ ಸಾರಕ್ಕಿ ಕೆರೆಯ ಕಡೆಯ ಶೀಟಿನ ಮನೆಗೆ ನಡೆದೇ ಹೋಗುತ್ತಾರೆ. ಗೋಡೆಯ ಕೆಲಸಕ್ಕೆ ಸಿಗುವುದು ಈ ಬೆಳಗಿನ ಹೊತ್ತು ಮಾತ್ರ. ಅದಕ್ಕೆ ಬೇರೆ ಸಂಬಳವಿಲ್ಲ. ಅವರು ಕೇಳಿಯೂ ಇಲ್ಲ.

ಮೊದಲು ಅವರು ಗಾರೆ ಹೊರುವ ಆಳು. ಗಂಡ ಮಾರಯ್ಯ ಗಾರೆ ಕೆಲಸದವರು, ಹೆಂಡತಿ ಅವರ ಕೈಗೆ ಬಾಂಡ್ಲಿ ಎತ್ತಿಕೊಡುವವರು. ಜಯನಗರದ ಬ್ಲಾಕುಗಳು ಒಂದೊಂದಾಗಿ ಏಳುತ್ತಿದ್ದ ಕಾಲವದು. ಇವತ್ತು ದೊಡ್ಡ ದೊಡ್ಡವರು ವಾಸವಾಗಿರುವ ಎಷ್ಟೋ ಮನೆಗಳ ಗೋಡೆಗೆ ಈ ಇಬ್ಬರ ಬೆವರು ಬಿದ್ದಿದೆ. ಗೋಡೆಗೆ ಕಟ್ಟಿದ್ದ ಮರದ ಸಾರ್ವೆಯ ಮೇಲಿಂದ ಬಿದ್ದು ಮಾರಯ್ಯನ ಸೊಂಟ ಹೋಯಿತು. ಕೆಲವು ವರ್ಷ ಹಾಸಿಗೆ ಹಿಡಿದು ಅವರೂ ಹೋದರು. ಆ ಮನೆಗಳ ಬಗ್ಗೆ ಕೇಳಿದರೆ ಯಲ್ಲಮ್ಮ ಹೇಳುವುದು ಇಷ್ಟು: "ಕಟ್ಟೋವರೆಗೂ ನಾವು ಒಳಗೆ, ಸ್ವಾಮಿ. ಅಡುಗೆಮನೇಲೂ ನಾವೇ, ದೇವರಮನೇಲೂ ನಾವೇ. ಗೃಹಪ್ರವೇಶದ ದಿನ ಗೇಟಿನ ಹೊರಗೆ ಎಲೆ ಹಾಕೋರು."

ಎಪ್ಪತ್ತರ ದಶಕದ ಮಧ್ಯದಲ್ಲಿ ಈ ಹಾಸ್ಟೆಲ್ ಕಟ್ಟುವಾಗಲೂ ಅವರು ಆಳಾಗಿಯೇ ಬಂದರು. ಮುಂದಿನ ಭಾಗ ಮುಗಿದು ಮಕ್ಕಳು ಬಂದಾಗಿತ್ತು, ಹಿಂದೆ ಪಡಸಾಲೆಯ ಗೋಡೆಗೆ ಗಿಲಾವು ನಡೆಯುತ್ತಿತ್ತು. ಹಸಿ ಗೋಡೆಯ ಮೇಲೆ ಒಂದು ದಿನ ಒಬ್ಬ ಹುಡುಗಿ ಕೈ ಊರಿದಳು. ಮೇಸ್ತ್ರಿ ದಾಸಪ್ಪ ಕೂಗಾಡಿಬಿಟ್ಟರು. ಹುಡುಗಿ ಹೆದರಲಿಲ್ಲ. ತಾನು ಊರಿದ ಜಾಗಕ್ಕೆ ಮತ್ತೆ ಬೆರಳಿಟ್ಟು, "ಇದು ನನ್ನ ಕೈಯಾ? ಇಷ್ಟು ಚಿಕ್ಕದಾ?" ಎಂದು ನಕ್ಕಳು. ಅವಳೇ ಸರಸ್ವತಿ. ಹುಟ್ಟಿನಿಂದ ಕಣ್ಣಿಲ್ಲ. ರಜೆ ಬಂದರೂ ಕರೆದುಕೊಂಡು ಹೋಗಲು ಯಾರೂ ಬರುತ್ತಿರಲಿಲ್ಲ.

ಯಲ್ಲಮ್ಮನ ತಾಯಿ ಊರಿನಲ್ಲಿ ಕಾಳು ತುಂಬುವ ಮಣ್ಣಿನ ವಾಡೆಗಳ ಮೇಲೆ ಬೆರಳಲ್ಲಿ ಬಳ್ಳಿ, ಹಕ್ಕಿ ತಿದ್ದುತ್ತಿದ್ದವರು. ಆ ಕೈ ಮಗಳಿಗೂ ಬಂದಿತ್ತು. ದಾಸಪ್ಪ ಊಟಕ್ಕೆ ಹೋದಾಗ ಸರಸ್ವತಿಯ ಕೈಗುರುತಿನ ಪಕ್ಕ ಯಲ್ಲಮ್ಮ ಒಂದು ಹಸು ಮಾಡಿದರು. ಮಾಡಿ, ಹುಡುಗಿಯ ಕೈ ಹಿಡಿದು ಅದರ ಮೇಲಿಟ್ಟರು. ಹೊಗಳುತ್ತಾಳೆ ಎಂದುಕೊಂಡಿದ್ದರಂತೆ.

"ಇದಕ್ಕೆ ಒಂದೇ ಕಣ್ಣಾ?"

"ಇನ್ನೊಂದು ಆ ಕಡೆ ಇದೆ ಕಣವ್ವ."

"ಆ ಕಡೆ ಅಂದ್ರೆ? ಗೋಡೆ ಒಳಗಾ?"

"ಪಕ್ಕದಿಂದ ನೋಡಿದ್ರೆ ಒಂದೇ ಕಾಣೋದು."

"ನಾನು ಪಕ್ಕದಿಂದ ನೋಡ್ತಾ ಇಲ್ವಲ್ಲ. ಮುಟ್ತಾ ಇದ್ದೀನಿ. ಮತ್ತೆ ಇದೇನು, ಕಾಲ ಕೆಳಗೆ ಪುಟ್ಟದು?"

"ಅದು ಗಾಡಿ. ದೂರದಲ್ಲಿ ಬರ್ತಾ ಐತೆ, ಅದಕ್ಕೆ ಚಿಕ್ಕದು."

"ದೂರ ಹೋದ್ರೆ ಗಾಡಿ ಕುಗ್ಗುತ್ತಾ ಯಲ್ಲಕ್ಕ?"

ಇದನ್ನು ಹೇಳುವಾಗ ಯಲ್ಲಮ್ಮ ಈಗಲೂ ನಗುತ್ತಾರೆ. ಅವತ್ತು ಮಾತ್ರ ಹಸುವನ್ನೇ ಕೆರೆದು ಹಾಕಿದರಂತೆ. ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ ವಾರ್ಡನ್ ಲಕ್ಷ್ಮಿದೇವಮ್ಮ ಮೇಸ್ತ್ರಿಯನ್ನು ಕರೆದು, ಆ ಗೋಡೆಯನ್ನು ಹಾಗೇ ಬಿಡಿ ಎಂದರು. ಕಟ್ಟಡ ಮುಗಿದ ಮೇಲೆ ಯಲ್ಲಮ್ಮನನ್ನು ಆಯಾ ಎಂದು ಇರಿಸಿಕೊಂಡರು. ಅಲ್ಲಿಂದ ಎರಡು ವರ್ಷಕ್ಕೂ ಮೇಲೆ, ಬಿಡುವು ಸಿಕ್ಕಾಗಲೆಲ್ಲ, ಗೋಡೆ ಬೆಳೆಯಿತು.

ಆ ಗೋಡೆಯನ್ನು ನೋಡಿದವರು ಈಗ ಕಡಿಮೆ. ಗೋಡೆಯ ಒಂದು ತುದಿಯ ಹಿಂದೆ ಅಡುಗೆಮನೆಯ ಒಲೆ, ಇನ್ನೊಂದು ತುದಿಯ ಹಿಂದೆ ನೀರಿನ ತೊಟ್ಟಿ. ಇಟ್ಟಿಗೆ ಹೊತ್ತವರಿಗೆ ಅದು ಗೊತ್ತು. ಒಲೆಯಿದ್ದ ಕಡೆ ಯಲ್ಲಮ್ಮ ಸೂರ್ಯನನ್ನು ಮಾಡಿದರು. ಬೆಳಿಗ್ಗೆ ಒಲೆ ಉರಿದ ಮೇಲೆ ಸೂರ್ಯ ಬೆಚ್ಚಗಾಗುತ್ತಿದ್ದ. ತೊಟ್ಟಿಯ ಕಡೆ ಕೆರೆ. ಬೇಸಿಗೆಯಲ್ಲೂ ಅದರ ಮೇಲೆ ಕೈಯಿಟ್ಟರೆ ತಣ್ಣಗೆ. ಗೋಡೆಯೊಳಗೆ ಒಂದು ಗಡಿಗೆ ಹೂತು ಬಾಯಿ ಮಾತ್ರ ಹೊರಗಿಟ್ಟರು, ಅದು ಬಾವಿ. ಮಕ್ಕಳು ಅದರೊಳಗೆ ತಮ್ಮ ಹೆಸರು ಕೂಗಿ ಕೇಳಿಸಿಕೊಳ್ಳುತ್ತಿದ್ದರು. ಬೇವಿನ ಮರಕ್ಕೆ ಒರಟು ತೊಗಟೆ, ಕೊಂಬೆಯ ತುದಿಗೆ ಒಂದು ಮೊಳೆ, ಮೊಳೆಗೆ ದಿನಾ ಹೊಸ ಬೇವಿನ ಸೊಪ್ಪು. ಹಸುವಿಗೆ ಎರಡು ಕಣ್ಣು, ನಾಲ್ಕು ಕಾಲು, ಎರಡೂ ಕಡೆಯ ಪಕ್ಕೆ, ತಬ್ಬಿಕೊಳ್ಳುವಷ್ಟು ಉಬ್ಬಿದ ಹೊಟ್ಟೆ, ಬಾಲಕ್ಕೆ ತೆಂಗಿನ ನಾರಿನ ಹಗ್ಗ. ಒಂದೊಂದೂ ಸರಸ್ವತಿಯ ಕೈಯಿಂದ ಪಾಸಾಗಬೇಕಿತ್ತು. ಅವಳು ಸುಲಭದಲ್ಲಿ ಒಪ್ಪುವವಳಲ್ಲ. "ನಮ್ಮತ್ತೇನೇ ವಾಸಿ, ಇವಳ ಮುಂದೆ" ಎನ್ನುತ್ತಾರೆ ಯಲ್ಲಮ್ಮ.

ಕೈಗೆ ಅಷ್ಟು ಚೆನ್ನಾಗಿದ್ದ ಗೋಡೆ ಕಣ್ಣಿಗೆ ಚೆನ್ನಾಗಿರಲಿಲ್ಲ. ಎರಡೂ ಪಕ್ಕೆ ಬಿಚ್ಚಿಕೊಂಡ ಹಸು, ಆನೆಯಷ್ಟು ದಪ್ಪದ ಕೀಟ, ಎಲ್ಲವೂ ಒಂದೇ ಬೂದು ಬಿಳಿ. ಹಾಸ್ಟೆಲಿಗೆ ಅಕ್ಕಿ ಬೇಳೆ ಕೊಡುವ ಮನೆಯವರು ಒಂದು ಸಲ ನೋಡಲು ಬಂದಿದ್ದರು. ಅವರಲ್ಲೊಬ್ಬ ಹೆಂಗಸು, "ಇದೇನು, ಗೋಡೆ ಅರ್ಧಕ್ಕೇ ಬಿಟ್ಟಿದ್ದೀರಲ್ಲ?" ಎಂದು ಸುಮ್ಮನೆ ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಪೊರಕೆ ಹಿಡಿದು ಮೂಲೆಯಲ್ಲಿ ನಿಂತಿದ್ದ ಯಲ್ಲಮ್ಮನಿಗೆ ಅದು ಚುಚ್ಚಿಕೊಂಡಿತು.

1979ರಲ್ಲಿ ವಾರ್ಷಿಕೋತ್ಸವ ಬಂತು. ಪಡಸಾಲೆಯಲ್ಲೇ ಸಭೆ, ಆ ಗೋಡೆಯ ಮುಂದೆಯೇ ವೇದಿಕೆ. ಯಲ್ಲಮ್ಮನೂ ಮೇಲೆ ಕೂರಬೇಕು, ಆಮೇಲೆ ಎಲ್ಲರ ಜೊತೆ ಪಂಕ್ತಿಯಲ್ಲಿ ಊಟ ಮಾಡಬೇಕು ಎಂದು ಲಕ್ಷ್ಮಿದೇವಮ್ಮ ಹೇಳಿದರು. ಅಂಥ ದಿನ ಯಲ್ಲಮ್ಮನ ಬಾಳಿನಲ್ಲಿ ಬಂದಿರಲಿಲ್ಲ. ಕಿಟಕಿಗೆ ಹೊಡೆದು ಮಿಕ್ಕಿದ ಎನಾಮೆಲ್ ಬಣ್ಣದ ಡಬ್ಬಗಳು ಉಗ್ರಾಣದಲ್ಲಿದ್ದವು. ಅವರೇ ಹೋಗಿ ಕೇಳಿದರು.

"ನಮ್ಮ ಮಕ್ಕಳಿಗೆ ಬಣ್ಣ ಯಾಕೆ ಯಲ್ಲಮ್ಮ?" ಎಂದರು ಲಕ್ಷ್ಮಿದೇವಮ್ಮ.

"ಬರೋರಿಗೆ ಕಾಣ್ಬೇಕಲ್ಲ ಅಮ್ಮಾವ್ರೇ."

"ಸುಣ್ಣದ ಗಾರೆ ಮೇಲೆ ಎನಾಮೆಲ್ ನಿಲ್ಲುತ್ತೇನು?"

"ನಿಲ್ಲುತ್ತೆ."

ನಿಲ್ಲುವುದಿಲ್ಲವೆಂದು ಯಲ್ಲಮ್ಮನಿಗೆ ಗೊತ್ತಿತ್ತು. ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಬಿಡುತ್ತದೆ. ಎಣ್ಣೆಬಣ್ಣ ಬಳಿದರೆ ಅದರ ಬಾಯಿ ಕಟ್ಟಿದಂತೆ. ಗಂಡ ಇದನ್ನು ಎಷ್ಟು ಸಲ ಹೇಳಿದ್ದರೋ. "ಗೊತ್ತಿತ್ತು ಸ್ವಾಮಿ. ಗೊತ್ತಿದ್ದೇ ಅಂದೆ," ಎನ್ನುತ್ತಾರೆ. "ಒಂದು ದಿನ ನಿಂತ್ರೆ ಸಾಕಾಗಿತ್ತು ನಂಗೆ."

ಹಸುವಿಗೆ ಕೆಂದು, ಕೆರೆಗೆ ನೀಲಿ, ಬೇವಿಗೆ ಹಸಿರು, ಸೂರ್ಯನಿಗೆ ಹಳದಿ. ಬಣ್ಣ ಆರುವವರೆಗೆ ಮಕ್ಕಳನ್ನು ಪಡಸಾಲೆಗೆ ಬಿಡಲಿಲ್ಲ. ಸಭೆಯ ದಿನ ಗೋಡೆ ಹೊಳೆಯಿತು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಯಲ್ಲಮ್ಮನಿಗೆ ಸೇವಂತಿಗೆ ಹಾರ ಬಿತ್ತು. ಅರ್ಧಕ್ಕೆ ಬಿಟ್ಟಿದ್ದೀರಲ್ಲ ಎಂದಿದ್ದ ಹೆಂಗಸು ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತು, ಎರಡನೇ ಸಲ ಪಾಯಸ ಹಾಕಿಸಿದಳು. ಅವತ್ತಿನ ಪಾಯಸದ ರುಚಿ ಇನ್ನೂ ನೆನಪಿದೆಯಂತೆ.

ಮಾರನೆಯ ಬೆಳಿಗ್ಗೆ ಸರಸ್ವತಿ ಪಡಸಾಲೆಗೆ ಬಂದಳು. ಎಂದಿನಂತೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ಒಯ್ದಳು. ನಿಂತಳು. ಮತ್ತೆ ಕೆಳಗಿನಿಂದ ಶುರುಮಾಡಿದಳು.

"ಯಲ್ಲಕ್ಕ, ಇದಕ್ಕೇನು ಹೊದಿಸಿದ್ದೀರ?"

"ಬಣ್ಣ ಕಣವ್ವ."

"ತೆಗೀರಿ."

"ತೆಗೆಯೋಕಾಗಲ್ಲ ಮಗಾ, ಅಂಟ್ಕೊಂಡ್ಬಿಟ್ಟಿದೆ."

"ಹಸೂನೂ ಮರಾನೂ ಕೆರೇನೂ ಎಲ್ಲಾ ಒಂದೇ ಥರ ಆಗಿದೆ. ಬಕೆಟ್ ಮುಟ್ಟಿದಂಗಿದೆ." ಅವಳು ಮೂಗಿನ ಹತ್ತಿರ ಬೆರಳು ತಂದು ಮೂಸಿದಳು. ಬೇವು ಹೋಗಿ ಸೀಮೆಎಣ್ಣೆಯಂಥ ವಾಸನೆ ನಿಂತಿತ್ತು. ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಕೇಳಿದಳು: "ಚೆನ್ನಾಗಿ ಕಾಣುತ್ತಾ?"

"ಹೂಂ ಕಣವ್ವ. ತುಂಬ ಚೆನ್ನಾಗಿ ಕಾಣುತ್ತೆ."

"ಹಂಗಾದ್ರೆ ನೋಡ್ಕೊಳ್ಳಿ."

ಅಷ್ಟೇ ಅಂದದ್ದು. ಜಗಳವಿಲ್ಲ, ಅಳುವಿಲ್ಲ. ಅವತ್ತಿನಿಂದ ಅವಳು ಪಡಸಾಲೆಯಲ್ಲಿ ಓಡಾಡುವಾಗ ಗೋಡೆಯ ಕಡೆ ಬರದೆ ಆಚೆ ಬದಿಯ ಕಂಬಿ ಹಿಡಿದು ನಡೆದಳು.

ಆ ವರ್ಷದ ಮಳೆಗಾಲಕ್ಕೆ ತೊಟ್ಟಿಯ ಕಡೆಯಿಂದ ಬಣ್ಣ ಗುಳ್ಳೆ ಎದ್ದಿತು. ಮೊದಲು ಕೆರೆ ಹೋಯಿತು. ಆಮೇಲೆ ಹಸುವಿನ ಹೊಟ್ಟೆ, ಹಿಂದೆಯೇ ಬೇವಿನ ಬೊಡ್ಡೆ. ಪದರ ಪದರವಾಗಿ ಬೀಳುತ್ತಿದ್ದ ಗಾರೆಯನ್ನು ಯಲ್ಲಮ್ಮನೇ ಗುಡಿಸಿ ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದರು. ಮಕ್ಕಳ ಮೇಲೆ ಬಿದ್ದೀತು ಎಂದು ಲಕ್ಷ್ಮಿದೇವಮ್ಮ ಉಳಿದದ್ದನ್ನು ಸುತ್ತಿಗೆಯಲ್ಲಿ ಹೊಡೆಸಿ, ಸಿಮೆಂಟು ಬಳಿಸಿ ನುಣ್ಣಗೆ ಮಾಡಿಸಿದರು. ಹಲವು ವರ್ಷ ಆ ಗೋಡೆ ಹಾಗೇ ಬೋಳಾಗಿತ್ತು. ಈ ನಡುವೆ ಸರಸ್ವತಿಯ ಓದು ಮುಗಿಯಿತು. ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿ ವಿಲ್ಸನ್ ಗಾರ್ಡನ್ನಿನಲ್ಲಿ ರೂಮು ಮಾಡಿದಳು. ಹೋಗುವ ದಿನ ಎಲ್ಲರಿಗೂ ಹೇಳಿದಂತೆ ಯಲ್ಲಮ್ಮನಿಗೂ, "ಬರ್ತೀನಿ ಯಲ್ಲಕ್ಕ" ಎಂದಳು. ಬರಲಿಲ್ಲ.

ಹೋದ ವರ್ಷ ಸಿಮೆಂಟಿನ ಗೋಡೆ ಬಿರುಕು ಬಿಟ್ಟಿತು. ಲಕ್ಷ್ಮಿದೇವಮ್ಮ ನಿವೃತ್ತರಾಗಿದ್ದರು. ಹೊಸ ವಾರ್ಡನ್ ಎದುರು ಯಲ್ಲಮ್ಮ ಕೈಮುಗಿದು, ಸುಣ್ಣದಲ್ಲಿ ನಾನೇ ಮಾಡ್ತೀನಿ ಮೇಡಂ, ಮೊದಲಿನ ಥರಾನೇ ಮಾಡ್ತೀನಿ ಎಂದರು. ಒಪ್ಪಿಗೆ ಸಿಕ್ಕಿತು. ಸುಣ್ಣ ನೆನೆಹಾಕಿದ ಮೇಲೆ ಅವರಿಗೆ ಹೊಳೆದದ್ದು, ಮೊದಲಿನ ಗೋಡೆ ಹೇಗೆ ಕಾಣುತ್ತಿತ್ತೆಂದು ಮಾತ್ರ ತನಗೆ ಗೊತ್ತು. ಕೈಗೆ ಹೇಗಿತ್ತೆಂದು ನೆನಪಿರಬೇಕಾದವಳು ಒಬ್ಬಳೇ.

ಒಂದು ಭಾನುವಾರ ಬಸ್ಸು ಹತ್ತಿ ವಿಲ್ಸನ್ ಗಾರ್ಡನ್‌ಗೆ ಹೋದರು. ಸರಸ್ವತಿ ಒಳಗೆ ಕರೆದಳು, ಕುರ್ಚಿ ಕೊಟ್ಟಳು, ತಾನೇ ಕಾಫಿ ಮಾಡಿ ತಂದಳು.

"ಸಕ್ಕರೆ ಸಾಕಾ ಯಲ್ಲಕ್ಕ?"

"ಸಾಕು ಕಣವ್ವ. ಹಳೇ ಗೋಡೆ ಕೈಗೆ ಹೆಂಗಿತ್ತು, ಹೇಳು. ಹಂಗೇ ಮಾಡ್ಬಿಡ್ತೀನಿ."

"ಯಾರಿಗೆ?"

"ನಿಂಗೆ."

"ನಾನೀಗ ಅಲ್ಲಿಲ್ವಲ್ಲ. ಅಲ್ಲಿರೋರನ್ನ ಕೇಳಿ, ಅವರಿಗೇನು ಬೇಕೋ ಅದು ಮಾಡಿ."

ಯಲ್ಲಮ್ಮ ಲೋಟ ಕೆಳಗಿಟ್ಟರು. "ತಪ್ಪಾಯ್ತು ಕಣೇ" ಎನ್ನಲು ಬಾಯಿ ತೆರೆದರು, ಬಂದದ್ದು ಬೇರೆ ಮಾತು. "ಮಾಡಿದ್ಮೇಲೆ ಒಂದ್ಸಲ ಬಂದು ಮುಟ್ಟಿ ನೋಡ್ತೀಯಾ?"

ಸರಸ್ವತಿ ಲೋಟ ಎತ್ತಿಕೊಂಡಳು. "ಹೊಸ ಗಾರೆ ಕೈಗೆ ಚುಚ್ಚುತ್ತೆ ಯಲ್ಲಕ್ಕ. ಮಕ್ಕಳು ಮುಟ್ಟಿ ಮುಟ್ಟಿ ಸವೆಸ್ಲಿ. ಎಲ್ಲಾ ಕಡೆ ನುಣ್ಣಗಾದ್ಮೇಲೆ ಹೇಳಿ ಕಳ್ಸಿ, ಬರ್ತೀನಿ."

ವಾಪಸ್ಸು ಬರುವಾಗ ಬಸ್ಸಿನುದ್ದಕ್ಕೂ ಯಲ್ಲಮ್ಮ ಅದನ್ನೇ ತಿರುವಿ ಹಾಕಿದರು. ಬರುತ್ತೇನೆ ಎಂದಳೋ, ಬರುವುದಿಲ್ಲ ಎನ್ನುವುದನ್ನೇ ಮೆತ್ತಗೆ ಹೇಳಿದಳೋ. ಇವತ್ತಿಗೂ ಅವರಿಗೆ ತಿಳಿದಿಲ್ಲ.

ಅವಳು ಹೇಳಿದ ಮಾತನ್ನು ಮಾತ್ರ ನಡೆಸಿದರು. ಈಗಿರುವ ಮಕ್ಕಳನ್ನು ಕೂರಿಸಿಕೊಂಡು ಏನು ಬೇಕೆಂದು ಕೇಳಿದರು. ಹಸು ಬೇಕೆಂದು ಒಬ್ಬಳೂ ಅನ್ನಲಿಲ್ಲ. ಡಬಲ್ ಡೆಕ್ಕರ್ ಬಸ್ಸು ಬೇಕು ಎಂದು ಎಲ್ಲರೂ ಕೂಗಿದರು. ದಿನಾ ರಸ್ತೆಯಲ್ಲಿ ಅದರ ಸದ್ದು ಕೇಳುತ್ತದೆ, ಹತ್ತಿ ಕೂತದ್ದೂ ಉಂಟು. ಆದರೆ ಇಡೀ ಬಸ್ಸನ್ನು ಮುಟ್ಟಿ ನೋಡಲು ಯಾರು ಬಿಡುತ್ತಾರೆ?

"ಆಯಾ, ಮೇಲಿರೋರಿಗೆ ಬೇರೆ ಡ್ರೈವರ್ ಇರ್ತಾನಾ?"

"ಇಲ್ಲ ಕಣ್ರೇ, ಕೆಳಗಿರೋನೇ ಎಲ್ಲಾರಿಗೂ."

"ಮತ್ತೆ ಮೇಲಿರೋರು ಅವನನ್ನ ಹೆಂಗೆ ನಂಬ್ತಾರೆ?"

ಯಲ್ಲಮ್ಮ ರಜೆ ಹಾಕಿ ಜಯನಗರದಿಂದ ಶಿವಾಜಿನಗರದವರೆಗೆ ಕಣ್ಣು ಮುಚ್ಚಿಕೊಂಡೇ ಹೋಗಿಬಂದರು. ಸೀಟು, ಕಂಬಿ, ಮೆಟ್ಟಿಲು, ಕಿಟಕಿಯ ಅಂಚು, ಎಲ್ಲವನ್ನೂ ತಡವಿದರು. "ಏನಮ್ಮ, ಬಸ್ ಕೊಂಡ್ಕೋತೀರಾ?" ಎಂದ ಕಂಡಕ್ಟರ್. "ರೇಟ್ ಹೇಳಪ್ಪ, ನೋಡೋಣ" ಎಂದು ಇವರು ಕಣ್ಣು ಬಿಡದೆಯೇ ಅಂದರಂತೆ.

ಈಗ ಒಲೆಯ ಕಡೆ ಬಸ್ಸಿನ ಇಂಜಿನ್ನು ಇದೆ, ಬೆಳಿಗ್ಗೆ ಬೆಚ್ಚಗಾಗುತ್ತದೆ. ಚಕ್ರಕ್ಕೆ ಹಳೆಯ ಟೈರು. ಮೆಟ್ಟಿಲ ಪಕ್ಕಕ್ಕೆ ನಿಜವಾದ ಕಬ್ಬಿಣದ ಕಂಬಿ. ಹಗ್ಗ ಎಳೆದರೆ ಗಂಟೆ ಹೊಡೆಯುತ್ತದೆ. ದಿನವಿಡೀ ಟಿಣ್ ಟಿಣ್ ಕೇಳಿ ಬೋರಯ್ಯನಿಗೆ ತಲೆ ಕೆಟ್ಟಿದೆ. ಬಂದವರು ಕೆಲವರು ಗೋಡೆ ಬೇಗ ಹಾಳಾಗುತ್ತದೆ, ಒಂದು ಕೋಟು ವಾರ್ನಿಷ್ ಹೊಡೆಸಿ ಎನ್ನುತ್ತಾರೆ. ಯಲ್ಲಮ್ಮ ಬೇಡವೆಂದು ಕೈಯಾಡಿಸುತ್ತಾರೆ. ಕೆಲಸವನ್ನು ಬೆಳಕು ಬರುವ ಮೊದಲೇ ಮಾಡುವುದೂ ಇದಕ್ಕೇ. ಒಂದು ಸಲ ಕಣ್ಣಿನ ಮಾತು ಕೇಳಿದ್ದು ಸಾಕು ಎನ್ನುತ್ತಾರೆ.

ಮೊನ್ನೆ ಬೋರಯ್ಯ ಒಂದು ಉಪಾಯ ಹೇಳಿದ: "ಉಪ್ಪುಕಾಗದ ತಂದುಕೊಡ್ತೀನಿ. ಉಜ್ಜಿದ್ರೆ ಒಂದೇ ದಿನಕ್ಕೆ ನುಣ್ಣಗಾಗುತ್ತೆ. ಆ ಹುಡುಗೀಗೆ ಹೇಳಿ ಕಳಿಸು, ಬರ್ಲಿ. ನಿನ್ನ ಹೊಟ್ಟೆ ತಣ್ಣಗಾಗ್ಲಿ."

"ಅವಳ ಕೈಗೆ ಗೊತ್ತಾಗುತ್ತೆ ಬೋರಯ್ಯ."

ಕೆಳಗಿನ ಸೀಟುಗಳ ಅಂಚು ಆಗಲೇ ನಯವಾಗಿದೆ. ಮೆಟ್ಟಿಲ ಕಂಬಿ ಹೊಳೆಯುತ್ತಿದೆ. ಮೇಲಿನ ಅಂತಸ್ತು ಮಾತ್ರ ಕೈಗೆ ಇನ್ನೂ ತರಚುತ್ತದೆ. ದೊಡ್ಡ ಹುಡುಗಿಯರಿಗೆ ಪರೀಕ್ಷೆಯ ಗಡಿಬಿಡಿ, ಬಸ್ಸಿಗೆ ಮುಗಿಬೀಳುವವರೆಲ್ಲ ಚಿಕ್ಕವರು, ಅವರಿಗೆ ಅದು ಎಟುಕುವುದಿಲ್ಲ. ಯಲ್ಲಮ್ಮನನ್ನು ಇನ್ನೆರಡು ವರ್ಷಕ್ಕೆ ಕೆಲಸದಿಂದ ಬಿಡಿಸುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಅವರು ಗಾರೆಯ ಕೈಯನ್ನು ಸೀರೆಗೆ ಒರೆಸಿಕೊಂಡು, ಒಳಗೆ ಏಳುತ್ತಿರುವ ಮಕ್ಕಳ ಗಲಾಟೆಯ ಕಡೆ ಕಿವಿ ಕೊಟ್ಟು ಹೇಳುತ್ತಾರೆ:

"ಅಷ್ಟರೊಳಗೆ ಒಂದಿಬ್ರಾದ್ರೂ ಸ್ವಲ್ಪ ಎತ್ತರ ಆಗ್ಲಿ, ಸ್ವಾಮಿ."